ಸಂಡೂರಿನ ಬೆಟ್ಟದ ಗೆರೆ

(ಬಳ್ಳಾರಿಯಲ್ಲಿ ಗೆಳೆಯರ ಓದುಕೂಟವೊಂದರಲ್ಲಿ ಆಡಿದ ಮಾತುಗಳಿವು. ಬರಹಕ್ಕಿಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಒಂದೆರಡು ಕಡೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಯಾವುದಾದರೂ ಪ್ರವಾಸದ ಬಗ್ಗೆ ಮಾತಾಡಿ ಎಂದು ಕೇಳಿದಾಗ ನಾನು ಸಂಡೂರಿನ ಬಗ್ಗೆ ಮಾತಾಡುತ್ತೇನೆ ಅಂದೆ. ಫೋನಿನ ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಬಳ್ಳಾರಿಯಿಂದ ಸಂಡೂರಿಗೆ 50 ಚಿಲ್ಲರೆ ಕಿಲೋಮೀಟರು. ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯಲ್ಲಿರಬಹುದು. ಅಷ್ಟಕ್ಕೆ ಯಾರೂ ಪ್ರವಾಸ ಅನ್ನುವುದಿಲ್ಲ. ಆದರೆ ಆ ದಾರಿ ಮುಗಿಸಲು ನನಗೆ 15 ವರ್ಷಕ್ಕಿಂತ ಹೆಚ್ಚು ಹಿಡಿಯಿತು. 2009ರಲ್ಲಿ ಹೊರಟು ಅರ್ಧಕ್ಕೇ ತಿರುಗಿ ಬಂದವಳು ಕಳೆದ ಸೆಪ್ಟೆಂಬರಿನಲ್ಲಿ ಹೋಗಿ ಮುಟ್ಟಿದೆ.

ನಾನು ಹುಟ್ಟಿದ್ದು ಸಂಡೂರಿನಲ್ಲಲ್ಲ. ಅಪ್ಪ ಗುಮಾಸ್ತರಾಗಿ ಅಲ್ಲಿಗೆ ವರ್ಗವಾಗಿ ಬಂದಾಗ ನನಗೆ 6 ವರ್ಷ. ಎಸ್ಸೆಸ್ಸೆಲ್ಸಿ ಮುಗಿಸಿ ಊರು ಬಿಟ್ಟಾಗ 16. ನಡುವಿನ ಆ 10 ವರ್ಷ ನಮ್ಮ ಬಾಡಿಗೆ ಮನೆಯ ಹಿತ್ತಿಲ ಬಾಗಿಲು ತೆಗೆದರೆ ಎದುರಿಗೆ ಬೆಟ್ಟ. ಕುಮಾರಸ್ವಾಮಿ ಬೆಟ್ಟದ ಮೇಲೆ ಮೋಡ ಕೂತರೆ ಅವ್ವ ತಂತಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದಳು. ಹೊತ್ತು ಬೆಟ್ಟದ ಯಾವ ತಗ್ಗಿನಲ್ಲಿ ಇಳಿಯಿತು ಅನ್ನುವುದರ ಮೇಲೆ ನಮಗೆ ತಿಂಗಳು ತಿಳಿಯುತ್ತಿತ್ತು. ಗಡಿಯಾರ, ಕ್ಯಾಲೆಂಡರು ಎರಡೂ ಅದೇ.

ಬಳ್ಳಾರಿಯವರಿಗೆ ಬೆಟ್ಟ ಅಂದರೆ ಬಂಡೆ. ನಮ್ಮ ಕೋಟೆ ಗುಡ್ಡ, ಕುರುಗೋಡು, ಕಂಪ್ಲಿಯಿಂದ ಹಂಪಿಯವರೆಗೂ ಯಾರೋ ಉಂಡೆ ಕಟ್ಟಿ ಪೇರಿಸಿಟ್ಟ ಹಾಗೆ ಗ್ರಾನೈಟು. ಸಂಡೂರಿನದು ಬೇರೆ ಜಾತಿ. ಅದು ಪದರದ ಕಲ್ಲು. ಉದ್ದಕ್ಕೆ ಮಲಗಿದ ಸಾಲು, ನೆತ್ತಿ ಚಪ್ಪಟೆ, ಮಳೆ ಬಿದ್ದರೆ ಬುಡದಿಂದ ತುದಿಯವರೆಗೆ ಹುಲ್ಲು. ಎರಡೂ ಕಡೆ ಸಾಲು, ನಡುವೆ ತೊಟ್ಟಿಲಿನಲ್ಲಿ ಇಟ್ಟ ಹಾಗೆ ಊರು. ನಾರಿಹಳ್ಳ ಈ ಸಾಲುಗಳನ್ನು ಸೀಳಿಕೊಂಡು ಹರಿಯುತ್ತದೆ. ಸೀಳಿದ ಜಾಗಕ್ಕೆ ನಮ್ಮಲ್ಲಿ ಗಂಡಿ ಅನ್ನುತ್ತಾರೆ. ಉಬ್ಬಲಗಂಡಿ, ಭೀಮಗಂಡಿ. ಬೇಸಿಗೆಯಲ್ಲಿ ಬಳ್ಳಾರಿಯ ಬಿಸಿಲು ತಡೆಯಲಾರದೆ ಬ್ರಿಟಿಷರು ತಮ್ಮ ದಂಡಿನವರನ್ನು ಆರೈಕೆಗೆ ಕಳಿಸುತ್ತಿದ್ದ ರಾಮಗಡ ಇರುವುದೂ ಇದೇ ಸಾಲಿನಲ್ಲಿ, ಸುಮಾರು 3,200 ಅಡಿ ಎತ್ತರದಲ್ಲಿ. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದಿದ್ದರು. ಸೆಪ್ಟೆಂಬರಿನಲ್ಲಿ ಸಂಡೂರು ನೋಡಿ ಎಂದು ಅವರು ಹೇಳಿದರೆಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲಿದೆ. ಹಾಗಾಗಿ ನಾವೂ ಸೆಪ್ಟೆಂಬರನ್ನೇ ಆರಿಸಿಕೊಂಡೆವು.

ನಾವು ಅಂದರೆ ನಾಲ್ವರು. ನನ್ನ ಅಣ್ಣ, ವಯಸ್ಸು 70 ದಾಟಿದೆ, ಮೊಣಕಾಲು ನೋವು. ಸಂಡೂರಿನಲ್ಲಿ ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದ ಗೆಳತಿ, ಈಗ ರಾಯಚೂರಿನಲ್ಲಿ ಮಗನ ಮನೆಯಲ್ಲಿದ್ದಾಳೆ. ನಾಲ್ಕನೆಯವನು ಕಾರು ಓಡಿಸಲು ಬಂದ ಹುಡುಗ. ಹುಡುಗ ಅನ್ನುವುದು ನನ್ನ ರೂಢಿ, 40 ದಾಟಿದವನೇ. ಮೂರು ಜನ ಹೋಗಿದ್ದೆವು ಅಂತಲೇ ಮೊದಮೊದಲು ಎಲ್ಲರ ಹತ್ತಿರ ಹೇಳುತ್ತಿದ್ದೆ. ಅದು ತಪ್ಪು. ಆ ದಿನ ನಾನು ಏನಾದರೂ ನೋಡಿದ್ದರೆ ಅದರಲ್ಲಿ ಅರ್ಧ ಅವನು ತೋರಿಸಿದ್ದು.

ತೋರಣಗಲ್ಲು ದಾಟಿದ ಮೇಲೆ ಗೆಳತಿಗೆ 2009ರ ಕಥೆ ಹೇಳತೊಡಗಿದೆ. ಇಲ್ಲಿ ಕೂತವರಿಗೆ ಆ ವರ್ಷಗಳನ್ನು ವಿವರಿಸಬೇಕಾಗಿಲ್ಲ. ಚೀನಾ ದೇಶಕ್ಕೆ ಕಬ್ಬಿಣದ ಅದಿರು ಎಷ್ಟಿದ್ದರೂ ಬೇಕಾಗಿತ್ತು, ನಮ್ಮ ರಸ್ತೆಗಳ ಮೇಲೆ ಹಗಲು ರಾತ್ರಿ ಲಾರಿ. ಆವತ್ತು ನಾನು, ನಮ್ಮ ಯಜಮಾನರು ಹೊರಟಿದ್ದೆವು. ಮುಂದೆ ಲಾರಿ, ಹಿಂದೆ ಲಾರಿ. ಗಾಜು ಏರಿಸಿದರೂ ಸೀಟಿನ ಮೇಲೆ ಕೆಂಪು ಪುಡಿ. ರಸ್ತೆಯ ಬದಿಯ ಬೇವಿನ ಮರಗಳು ಹಸಿರಿರಲಿಲ್ಲ, ಇಟ್ಟಿಗೆಯ ಬಣ್ಣ. 4 ತಾಸು ಕಳೆದರೂ ತಾರಾನಗರ ದಾಟಲಾಗಲಿಲ್ಲ. ತಲೆ ಎತ್ತಿ ನಮ್ಮ ಬೆಟ್ಟ ಎಲ್ಲಿ ಎಂದು ನೋಡಿದರೆ ಧೂಳಿನಲ್ಲಿ ಏನೂ ಇಲ್ಲ. ಗಾಡಿ ತಿರುಗಿಸಿ ಅಂದೆ. ಮನೆಗೆ ಬರುವವರೆಗೂ ಅತ್ತೆ.

ಇದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಹುಡುಗ ಕನ್ನಡಿಯಲ್ಲಿ ನನ್ನನ್ನು ನೋಡಿ ಅಂದ: “ಆ ಲೈನ್ನಾಗ ನಂದೂ ಒಂದು ಗಾಡಿ ಇತ್ರಿ ಮೇಡಂ.”

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಅಣ್ಣನೇ ಮಾತು ತೆಗೆದ. ಆಗ ಅವನ ಕಥೆ ಬಂತು. ಸಿರುಗುಪ್ಪದ ಕಡೆಯ ಹಳ್ಳಿ. 19ಕ್ಕೆ ಕ್ಲೀನರ್ ಆಗಿ ಬಂದ, ಎರಡು ವರ್ಷದಲ್ಲಿ ಸ್ಟೇರಿಂಗ್ ಹಿಡಿದ, ಆಮೇಲೆ ಭಾವನ ಜೊತೆ ಸಾಲ ಮಾಡಿ ಸ್ವಂತ ಟಿಪ್ಪರ್ ಕೊಂಡ. ಲೋಡಿಗೆ ಸಾಲು ಹಚ್ಚಿದರೆ ಕೆಲವು ಸಲ ಎರಡು ರಾತ್ರಿ ಗಾಡಿಯ ಕೆಳಗೇ ಚಾಪೆ. “ಜಳಕ ಮಾಡಿದ ನೀರು ಕುಂಕುಮ ಕಲಸಿದಂಗ ಹರಿಯೋದ್ರಿ. ಒಂದು ಸಲ ಊರಿಗೆ ಹೋದಾಗ ಸಣ್ಣ ಮಗಳು ನನ್ನ ಮುಖ ನೋಡಿ ಕಿರುಚಿದ್ಲು.” ಆ ದುಡ್ಡಿನಲ್ಲೇ ತಂಗಿಯ ಮದುವೆಯಾಯಿತು, ಊರಲ್ಲಿ ಎರಡು ಖೋಲಿಯ ಮನೆ ಎದ್ದಿತು. ಹಳ್ಳಿಯಲ್ಲಿ ಅವರ ಮನೆತನದಲ್ಲಿ ಮೊದಲ ತಾರಸಿ ಅದೇ.

2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಅದಕ್ಕೆ ಎರಡು ದಿನ ಮುಂಚೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಸರ್ಕಾರದ ಕೈ ಸೇರಿತ್ತು. ಆ ಸುದ್ದಿ ಕೇಳಿದ ದಿನ ನಾನು ಮನೆಯಲ್ಲಿ ದೇವರಿಗೆ ತುಪ್ಪದ ದೀಪ ಹಚ್ಚಿದ್ದೆ. ಅದೇ ದಿನ ಇವನ ಟಿಪ್ಪರ್ ಒಂದು ಬಯಲಿನಲ್ಲಿ ನಿಂತಿತು, 14 ತಿಂಗಳು ಅಲ್ಲಾಡಲಿಲ್ಲ. ಕಂತು ಮಾತ್ರ ನಿಲ್ಲಲಿಲ್ಲ. ಟೈರು ಬಿಸಿಲಿಗೆ ಸೀಳಿತು, ಬ್ಯಾಟರಿ ಯಾರೋ ಬಿಚ್ಚಿಕೊಂಡು ಹೋದರು. ಕೊನೆಗೆ ಗುಜರಿಯವನು ಬಂದು ಕಿಲೋ ಲೆಕ್ಕದಲ್ಲಿ ತೂಗಿದ. “ಕಬ್ಬಿಣ ಹೊತ್ತ ಗಾಡಿ ಮೇಡಂ. ಕಬ್ಬಿಣದ ತೂಕಕ್ಕ ಹೋತು.”

ಆ ದೀಪ ಹಚ್ಚಿದ್ದಕ್ಕೆ ನಾನು ಈಗಲೂ ಪಶ್ಚಾತ್ತಾಪ ಪಡುವುದಿಲ್ಲ. ಆ ನಿಲುಗಡೆ ಬೇಕೇ ಬೇಕಿತ್ತು, ಅದಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿದ ಸಮಾಜ ಪರಿವರ್ತನ ಸಮುದಾಯದವರಿಗೆ ಈ ಜಿಲ್ಲೆ ಋಣಿ. ಆದರೆ ನನ್ನ ದೀಪದ ಬೆಳಕು ಆ ಬಯಲಿನವರೆಗೆ ಹೋಗಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಆ ಕಾರಿನಲ್ಲಿ. ಗಣಿ ಧಣಿಗಳ ಬಗ್ಗೆ ಪತ್ರಿಕೆಗಳಲ್ಲಿ ಎಷ್ಟೋ ಓದಿದ್ದೆ. ಒಂದು ಟಿಪ್ಪರಿನ ಅರ್ಧ ಪಾಲುದಾರನ ಬಗ್ಗೆ ಓದಿರಲಿಲ್ಲ.

ಊರು ಬಂತು. ಸಂಡೂರಿನ ಪೇಟೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಬಾಡಿಗೆ ಮನೆಯ ಜಾಗದಲ್ಲಿ ಮೂರಂತಸ್ತು ನಿಂತಿದೆ. ಸಂಡೂರನ್ನು ಆಳಿದ ಘೋರ್ಪಡೆ ಮನೆತನದ ಶಿವವಿಲಾಸ ಅರಮನೆಯನ್ನು ಹೊರಗಿನಿಂದಲೇ ನೋಡಿದೆವು. ಒಂದು ತಗಡಿನ ಹೋಟೆಲಿನಲ್ಲಿ ಒಗ್ಗಾಣಿ, ಮಿರ್ಚಿ ತಿಂದೆವು. ಒಗ್ಗಾಣಿಗೆ ಹುರಿಗಡಲೆ ಪುಡಿ ಮೇಲಿಂದ ಉದುರಿಸಿ ಕೊಟ್ಟಾಗ ಅಣ್ಣ ಅದರ ವಾಸನೆ ಹಿಡಿದು ಒಂದು ಗಳಿಗೆ ಕಣ್ಣು ಮುಚ್ಚಿದ. ರಸ್ತೆಯ ಪಕ್ಕ ತಾಂಡಾದ ಹೆಂಗಸರು ಬುಟ್ಟಿಯಲ್ಲಿ ಸೀತಾಫಲ ಇಟ್ಟುಕೊಂಡು ಕೂತಿದ್ದರು. ಗೆಳತಿ ಒಂದನ್ನು ಎತ್ತಿ ಅದರ ಕಣ್ಣುಗಳ ಸಂದನ್ನು ಬೆರಳಿನಿಂದ ಒರೆಸಿ ನನಗೆ ತೋರಿಸಿದಳು. ಬೆರಳಿಗೆ ಕೆಂಪು ಹತ್ತಿರಲಿಲ್ಲ.

ಲಂಬಾಣಿ ಕಸೂತಿಯ ಕೇಂದ್ರಕ್ಕೆ, ಸಂಡೂರು ಕುಶಲ ಕಲಾ ಕೇಂದ್ರಕ್ಕೆ, ಹೋಗಲೇಬೇಕು ಎಂದು ಹಟ ಹಿಡಿದವಳು ಗೆಳತಿಯೇ. ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ ಇಲ್ಲಿನ 450ಕ್ಕೂ ಹೆಚ್ಚು ಹೆಂಗಸರು ಹೊಲಿದ 1,755 ತುಣುಕುಗಳನ್ನು ಪ್ರದರ್ಶಿಸಿದ್ದು ಗಿನ್ನೆಸ್ ದಾಖಲೆಯಾಯಿತು. ದಾಖಲೆ ಇರಲಿ. ಅಲ್ಲಿ ಒಬ್ಬ ವಯಸ್ಸಾದ ತಾಯಿ ಕನ್ನಡಿ ಕೂರಿಸುತ್ತಿದ್ದಳು. ಹೆಬ್ಬೆರಳಿನ ಉಗುರಿನಷ್ಟು ಗಾಜು. ಸುತ್ತ ನಾಲ್ಕು ಎಳೆ ಅಡ್ಡ, ನಾಲ್ಕು ಎಳೆ ಉದ್ದ ಹಾಕಿ ಗಾಜನ್ನು ಬಲೆಯಲ್ಲಿ ಹಿಡಿದಳು, ಆ ಎಳೆಗಳಿಗೇ ಸೂಜಿ ಸಿಕ್ಕಿಸುತ್ತ ದುಂಡಗೆ ಬಂದಳು. ಗಾಜಿಗೆ ಅಂಟಿಲ್ಲ, ತೂತಿಲ್ಲ. ದಾರದ ಬಿಗಿಗೇ ನಿಲ್ಲಬೇಕು. ಕಿಲನ್, ವೆಲೆ, ಮಾಕಿ, ರೇಲೋ ಎಂದು ಒಂದೊಂದು ಹೊಲಿಗೆಗೆ ಹೆಸರು ಹೇಳಿದಳು. ಸರಿಯಾಗಿ ಕೇಳಿಸಿಕೊಳ್ಳಲಿಲ್ಲವೇನೋ ಎಂದು ನನ್ನ ಅಂಗೈ ಮೇಲೆ ಬೆರಳಿನಲ್ಲಿ ಗೆರೆ ಎಳೆದು ತೋರಿಸಿದಳು. ನಮ್ಮ ಶಾಲೆಯ ದಿನಗಳಲ್ಲಿ ಸೌದೆ ಹೊತ್ತು ಬೆಟ್ಟದಿಂದ ಇಳಿಯುತ್ತಿದ್ದ ತಾಂಡಾದ ಹೆಂಗಸರ ಕಾಂಚಳಿಯ, ಅಂದರೆ ಕಸೂತಿ ರವಿಕೆಯ, ಕನ್ನಡಿಗಳು ದೂರದಿಂದ ಮಿನುಗುತ್ತಿದ್ದವು. ಅವರನ್ನು ನೋಡುತ್ತಿದ್ದೆವು, ಹೆಸರು ಕೇಳಿರಲಿಲ್ಲ. ಹೊಲಿಗೆಯ ಹೆಸರೂ ಇಲ್ಲ, ಹೊಲಿದವರ ಹೆಸರೂ ಇಲ್ಲ.

ಅಲ್ಲಿಂದ ಕುಮಾರಸ್ವಾಮಿಯ ಗುಡಿಗೆ ಹೊರಟೆವು. ದಾರಿಯಲ್ಲಿ ಹರಿಶಂಕರ ತೀರ್ಥದಲ್ಲಿ ಬಾಟಲಿಗೆ ನೀರು ತುಂಬಿಸಿಕೊಂಡೆವು. ಕಬ್ಬಿಣದ ಬೆಟ್ಟದಿಂದ ಇಷ್ಟು ತಣ್ಣನೆಯ ನೀರು ಹೇಗೆ ಬರುತ್ತದೆ ಎಂದು ಗೆಳತಿ ಕೇಳಿದಳು. ಈ ಬೆಟ್ಟಗಳ ನೆತ್ತಿಯ ಕಲ್ಲು ಬಿರುಕು, ತೂತು. ಮಳೆಯನ್ನು ಹೀರಿಕೊಳ್ಳುತ್ತದೆ. ಕೆಳಗೆ ನೀರು ಬಿಡದ ಗಟ್ಟಿ ಪದರ ಸಿಕ್ಕಿದಾಗ ನೀರು ಪಕ್ಕಕ್ಕೆ ಸರಿದು ಇಳಿಜಾರಿನಲ್ಲಿ ಊಟೆಯಾಗಿ ಏಳುತ್ತದೆ. ಅದಿರು ಇರುವುದೂ ಆ ನೆತ್ತಿಯಲ್ಲೇ. ಅಂದರೆ ಅದಿರು ತೆಗೆಯುವವರು ಬೆಟ್ಟದ ನೀರಿನ ಕೊಡವನ್ನೇ ಎತ್ತಿಕೊಂಡು ಹೋಗುತ್ತಾರೆ. 34 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ್ದೇನೆ. ನಮ್ಮ ಮಕ್ಕಳಿಗೆ ಕಬ್ಬಿಣದ ಅದಿರಿನ ರಾಸಾಯನಿಕ ಸೂತ್ರ ಬರೆಯಲು ಬರುತ್ತದೆ, ಅದು ನೀರು ಹಿಡಿದಿಡುತ್ತದೆ ಎಂದು ಯಾವ ಪಾಠದಲ್ಲೂ ಇರಲಿಲ್ಲ. ನಾನೂ ಹೇಳಲಿಲ್ಲ. ಇದು ನನ್ನನ್ನು ತುಂಬಾ ಕಾಡುತ್ತದೆ.

ಗುಡಿಗಳ ಜಾಗ ಹಾಗೇ ಇದೆ. ಪಾರ್ವತಿಯ ಗುಡಿ ಬಾದಾಮಿ ಚಾಲುಕ್ಯರ ಕಾಲದ್ದು, ಪಕ್ಕದ ಕುಮಾರಸ್ವಾಮಿಯ ಗುಡಿ ರಾಷ್ಟ್ರಕೂಟರ ಕಾಲದ್ದು. ಸುತ್ತ ಕಾಡು, ಮಧ್ಯೆ ಕೊಳ. ಎಲ್ಲೋ ಮೇಲೆ ಹಳದಿ ಕೊರಳಿನ ಪಿಕಳಾರ ಕೂಗಿದ ಹಾಗಾಯಿತು, ಕಾಣಲಿಲ್ಲ. ಕುಮಾರಸ್ವಾಮಿ ಬ್ರಹ್ಮಚಾರಿ, ತಾಯಿಯ ಮೇಲೆ ಮುನಿದು ಬಂದವನು, ಹೆಂಗಸರು ಅವನ ಮುಂದೆ ಹೋಗಬಾರದು ಎಂಬ ಕಟ್ಟಿನಲ್ಲಿ ಬೆಳೆದವಳು ನಾನು. ಚಿಕ್ಕವಳಿದ್ದಾಗ ಅಪ್ಪ, ಅಣ್ಣ ಒಳಗೆ ಹೋಗುತ್ತಿದ್ದರು. ನಾನು, ಅವ್ವ ಪಾರ್ವತಿಯ ಗುಡಿಯ ಜಗುಲಿಯಲ್ಲಿ ಕಾಯುತ್ತಿದ್ದೆವು. ಅಣ್ಣ ಹೊರಗೆ ಬಂದು ಆ ಬೆಟ್ಟದ ಬಿಳಿ ಮಣ್ಣಿನ ವಿಭೂತಿಯನ್ನು ನನ್ನ ಹಣೆಗೆ ಬಳಿಯುತ್ತಿದ್ದ.

ಇದೇ ಗುಡಿಯ ಬಾಗಿಲನ್ನು ಸಂಡೂರು ಸಂಸ್ಥಾನ 1932ರಲ್ಲಿ ದಲಿತರಿಗೆ ತೆರೆಯಿತು. ಗುಡಿಗಳನ್ನು ದಲಿತರಿಗೆ ತೆರೆದ ತಿರುವಾಂಕೂರಿನ ಪ್ರಸಿದ್ಧ ಘೋಷಣೆ ಬಂದದ್ದು 1936ರಲ್ಲಿ. ಅದಕ್ಕಿಂತ 4 ವರ್ಷ ಮೊದಲೇ ಈ ಪುಟ್ಟ ಸಂಸ್ಥಾನ ಅದನ್ನು ಮಾಡಿತ್ತು. ಗಾಂಧೀಜಿ ಇಲ್ಲಿಗೆ ಬಂದದ್ದೂ ಹರಿಜನ ಯಾತ್ರೆಯಲ್ಲೇ. ಇಷ್ಟು ಮುಂದೆ ನಡೆದ ಊರು ಇನ್ನೊಂದು ಹೆಜ್ಜೆ ಇಡಲಿ ಎಂದು ನಾನು ಬಯಸುತ್ತೇನೆ, ಇದನ್ನು ಬಾಯಿಬಿಟ್ಟು ಹೇಳಲು ನನಗೆ ಅಳುಕಿಲ್ಲ. ಆವತ್ತು ನಾವಿಬ್ಬರೂ ಜಗುಲಿಯಲ್ಲೇ ಕೂತೆವು. ಅಣ್ಣ ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಹೋದವನು ತಿರುಗಿ ಬಂದ. ಮೊಣಕಾಲು ಹಿಡಿಯಿತೇನೋ ಅಂದುಕೊಂಡೆ. “ನೀವಿಬ್ರೂ ಇಲ್ಲೇ ಕೂತೀರಿ. ನಾನೂ ಇಲ್ಲೇ ಕೂಡ್ತೀನಿ” ಅಂದ. ಕೂಡಲು ಕಷ್ಟಪಟ್ಟ, ನನ್ನ ಭುಜ ಹಿಡಿದು ಕೂತ. ಒಳಗೆ ಹೋದವನು ಹುಡುಗ ಒಬ್ಬನೇ. ಬರುವಾಗ ಕಾಗದದಲ್ಲಿ ವಿಭೂತಿ ಕಟ್ಟಿಸಿಕೊಂಡು ಬಂದು ಮೂವರಿಗೂ ಕೊಟ್ಟ.

ಇಳಿಯುವಾಗ ಎಲ್ಲಿ ನೋಡಿದರೂ ಹಸಿರು. ತಂಗಡಿ ಹೂ ಬಿಟ್ಟಿತ್ತು. “ಎಲ್ಲಾ ಸರಿಹೋಗೈತಲ್ಲೇ, ಸುಮ್ಮನೆ ಇಷ್ಟು ವರ್ಷ ಸಂಕಟಪಟ್ಟಿ” ಎಂದು ಗೆಳತಿ ಸಮಾಧಾನ ಮಾಡಿದಳು. ಸರಿಹೋದದ್ದು ಇದೆ, ಇಲ್ಲ ಅನ್ನುವುದಿಲ್ಲ. 2013ರ ಏಪ್ರಿಲ್‌ನ ತೀರ್ಪಿನಲ್ಲಿ ಕೋರ್ಟು ಹೆಚ್ಚು ಅಕ್ರಮ ನಡೆಸಿದ ಗಣಿಗಳ ಗುತ್ತಿಗೆ ರದ್ದು ಮಾಡಿತು. ಉಳಿದವರು ಕೆಡಿಸಿದ ಜಾಗವನ್ನು ಸರಿಪಡಿಸುವ ಯೋಜನೆ ಪಾಲಿಸಿದರೆ ಮಾತ್ರ ಅಗೆಯಬಹುದು ಎಂದಿತು. ಬಳ್ಳಾರಿ ಜಿಲ್ಲೆಗೆ ವರ್ಷಕ್ಕೆ 2.5 ಕೋಟಿ ಟನ್ನಿನ ಮಿತಿ ಬಂತು, ಮುಂದೆ ಆ ಮಿತಿ ಏರಿತು. ಗಣಿಯ ಮಣ್ಣು ಸುರಿದ ಡಂಪುಗಳ ಮೇಲೆ ತೆಂಗಿನ ನಾರಿನ ಹಾಸು ಹಾಸಿ ಗಿಡ ನೆಟ್ಟಿದ್ದಾರೆ, ಹಳ್ಳಗಳಿಗೆ ಕಲ್ಲಿನ ತಡೆ ಕಟ್ಟಿದ್ದಾರೆ. ಇದೆಲ್ಲ ಒಳ್ಳೆಯ ಕೆಲಸ. ಆದರೆ ನಾನು ಗೆಳತಿಗೆ, ಬುಡ ನೋಡಬೇಡ, ಮೇಲಿನ ಗೆರೆ ನೋಡು ಅಂದೆ. ಬೆಟ್ಟ ಆಕಾಶಕ್ಕೆ ತಾಗುವ ಗೆರೆ. ನಾವು ದಿನಾ ಹಿತ್ತಿಲಿನಿಂದ ನೋಡುತ್ತಿದ್ದ ಗೆರೆ ಮಲಗಿದ ಎಮ್ಮೆಯ ಬೆನ್ನಿನಂತಿತ್ತು. ಈಗ ಅಲ್ಲಲ್ಲಿ ಮೆಟ್ಟಿಲು, ಮೆಟ್ಟಿಲಿನ ಮೇಲೆ ಹುಲ್ಲು. ಹುಲ್ಲು ಒಂದು ಮಳೆಗೆ ಬರುತ್ತದೆ. ಆ ಕಲ್ಲು ಕೂತದ್ದು ಸುಮಾರು 270 ಕೋಟಿ ವರ್ಷದ ಹಿಂದೆ. ಗಣಿ ಸಂಡೂರಿಗೆ ಹೊಸದಲ್ಲ, ಮ್ಯಾಂಗನೀಸಿಗಾಗಿ 20ನೇ ಶತಮಾನದ ಮೊದಲ ವರ್ಷಗಳಿಂದಲೇ ಅಗೆದಿದ್ದಾರೆ. ಅಗೆಯಲೇಬಾರದು ಎಂದೂ ನಾನು ಹೇಳುತ್ತಿಲ್ಲ. ನಮ್ಮ ಮನೆಯ ತೊಲೆ, ಈ ಸಭಾಂಗಣದ ಸರಳು ಎಲ್ಲ ಕಬ್ಬಿಣವೇ. ಯಾವ ಬೆಟ್ಟವನ್ನು ಮುಟ್ಟಬಾರದು ಎಂಬುದನ್ನು ಅದರ ಬುಡದಲ್ಲಿ ಬದುಕುವವರನ್ನು ಕೇಳಿ ತೀರ್ಮಾನ ಮಾಡಿ ಎಂದಷ್ಟೇ ನನ್ನ ಬೇಡಿಕೆ. 2024ರಲ್ಲಿ ಇಲ್ಲಿನ ದೇವದಾರಿ ಬೆಟ್ಟವನ್ನು ಗಣಿಯಿಂದ ಉಳಿಸಲು ಜನ ದನಿ ಎತ್ತಿದ್ದೂ ಇದಕ್ಕೇ.

ಸಂಜೆ ನಾರಿಹಳ್ಳದ ಜಲಾಶಯದ ಹತ್ತಿರ ಗಾಡಿ ನಿಲ್ಲಿಸಿದೆವು. ನನ್ನ ಚೀಲದಲ್ಲಿ ಒಂದು ಟೈಲ್ಸಿನ ತುಂಡಿತ್ತು. ಮೇಷ್ಟರಿಕೆಯ ಚಾಳಿ ಬಿಟ್ಟಿಲ್ಲ, ಬೇಕೆಂದೇ ತಂದಿದ್ದೆ. ದಾರಿಯ ಬದಿಯಲ್ಲಿ ಬಿದ್ದಿದ್ದ ಅದಿರಿನ ಹೆಂಟೆಯೊಂದನ್ನು ಎತ್ತಿಕೊಂಡೆ. ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ಮೀರಿದ ಭಾರ, ಉಕ್ಕಿನ ಕಪ್ಪು ಹೊಳಪು. ಮುರಿದ ಬದಿಯಲ್ಲಿ ಒಂದು ಪಟ್ಟೆ ಕಪ್ಪು, ಒಂದು ಪಟ್ಟೆ ಕಂದುಗೆಂಪು, ಪುಸ್ತಕದ ಹಾಳೆ ಜೋಡಿಸಿದ ಹಾಗೆ. ಇಡೀ ಭೂಮಿ ಸಮುದ್ರವಾಗಿದ್ದ ಹಾಗಿನ ಕಾಲದಲ್ಲಿ ನೀರಿನಲ್ಲಿ ಕಬ್ಬಿಣ ಕರಗಿತ್ತು. ಕಣ್ಣಿಗೆ ಕಾಣದ ಜೀವಿಗಳು ಬಿಸಿಲು ಕುಡಿದು ಆಮ್ಲಜನಕ ಬಿಟ್ಟವು, ಕಬ್ಬಿಣ ತುಕ್ಕಾಗಿ ತಳಕ್ಕೆ ಕೂತಿತು, ಪದರದ ಮೇಲೆ ಪದರ. ಹುಡುಗನಿಗೆ ಇದನ್ನು ಹೇಳುತ್ತ ಟೈಲ್ಸನ್ನು ಬೋರಲು ಮಾಡಿದೆ. ಹೊಳಪಿಲ್ಲದ ಒರಟು ಬದಿಯ ಮೇಲೆ ಆ ಕಪ್ಪು ಕಲ್ಲಿನಿಂದ ಒಂದು ಗೀಟು ಎಳೆದೆ. ಗೀಟು ಕೆಂಪಗೆ ಬಂತು, ಹಸಿ ಗಾಯದ ಬಣ್ಣ. ಮ್ಯಾಂಗನೀಸ್ ಆಗಿದ್ದರೆ ಕಪ್ಪೇ ಬರುತ್ತಿತ್ತು.

“ಯಪ್ಪಾ” ಅಂದ. “ಹತ್ತು ವರ್ಷ ಹೊತ್ತೀನ್ರಿ. ಕಲ್ಲು ಕರ್ರಗ, ಧೂಳು ಕೆಂಪಗ ಯಾಕ ಅಂತ ಯಾರೂ ಹೇಳಿದ್ದಿಲ್ಲ.”

ಗೆಳತಿ ಕೇಳಿದಳು, ನಮ್ಮ ಹಿತ್ತಿಲಿನಿಂದ ಕಾಣುತ್ತಿದ್ದ ಗೆರೆ ಹೇಗಿತ್ತು ಬರೆದು ತೋರಿಸು ಎಂದು. ಅದೇ ಕಲ್ಲಿನಿಂದ ಟೈಲ್ಸಿನ ಮೇಲೆ ಬರೆಯತೊಡಗಿದೆ. ಎಡಗಡೆ ನಿಧಾನಕ್ಕೆ ಏರುತ್ತಿತ್ತು, ಅಷ್ಟು ನೆನಪಿತ್ತು. ನಡುವೆ ಒಂದು ತಗ್ಗು, ಸಂಕ್ರಾಂತಿಯ ಹೊತ್ತಿಗೆ ಸೂರ್ಯ ಇಳಿಯುತ್ತಿದ್ದ ಜಾಗ. ಅಲ್ಲಿಂದ ಮುಂದೆ ಕೈ ನಿಂತಿತು. ಅಣ್ಣನನ್ನು ಕೇಳಿದೆ, ಅವನು ಒಂದು ಹೇಳಿದ, ಗೆಳತಿ ಇನ್ನೊಂದು ಹೇಳಿದಳು. ಅಂದಾಜಿನಲ್ಲಿ ಗೆರೆಯನ್ನು ಬಲಕ್ಕೆ ಇಳಿಸಿ ಮುಗಿಸಿದೆ.

ಹುಡುಗ ನನ್ನ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದ. ಒಮ್ಮೆ ಎದುರಿನ ಬೆಟ್ಟ ನೋಡಿದ, ಒಮ್ಮೆ ಟೈಲ್ಸು ನೋಡಿದ. ಆಮೇಲೆ ಬೆರಳು ಇಟ್ಟ.

“ಇಲ್ಲಿ ಹಂಗ ಇಳಿತಿದ್ದಿಲ್ರಿ ಮೇಡಂ. ಇಲ್ಲೊಂದು ದಿಬ್ಬ ಇತ್ತು, ಒಂಟೆ ಬೆನ್ನಿನಂಗ. ಅದರ ಮ್ಯಾಲ ಒಂದು ಆಲದ ಗಿಡ. ನಾನು ಕ್ಲೀನರ್ ಆಗಿ ಬಂದ ವರ್ಷ ಇತ್ರಿ. ಗಾಡಿ ಮೊದಲನೇ ಗೇರಿನಾಗ ಅದರ ಬುಡದಿಂದ್ಲೇ ಏರತಿದ್ವಿ.”

ಕಲ್ಲನ್ನು ಅವನ ಕೈಗೆ ಕೊಟ್ಟೆ. ಅವನು ನನ್ನ ಗೆರೆಯ ಮೇಲೆ ದಿಬ್ಬವನ್ನು ಬರೆದ. ಮರವನ್ನೂ ಬರೆದ.